ಜೋಡುಕೋವಿಯ ಈಡು

ಕನ್ನಡದಲ್ಲಿ ‘ಈಡು’ ಎಂಬ ಶಬ್ದಕ್ಕೆ ಅರ್ಥಗಳು ಹಲವುಂಟು. ಸಾಟಿ, ಸಮಾನತೆ, ಒತ್ತೆಯಿಟ್ಟ ವಸ್ತು, ಒಳಗಾಗುವಿಕೆ ಎಂಬಿವು ಗ್ರಂಥಗಳಲ್ಲಿಯೂ ಆಡುಮಾತಿನಲ್ಲಿಯೂ ಕಾಣಬರುವುವು. ಇವುಗಳ ಜೊತೆಗೆ, ಕೋವಿಗೆ ಒಂದು ಸಲ ತುಂಬತಕ್ಕ ಮದ್ದುಗುಂಡುಗಳ ಅಳತೆಗೂ ಈಡೆಂದೇ ಹೆಸರು. ಹಲಗಲಿಯ ಬೇಡರ ಲಾವಣಿಯೇ ಮೊದಲಾದ ವೀರಗೀತಗಳನ್ನು ಪಾಠಹೇಳುವಾಗ ಈ ಕಡೆಯ ಅರ್ಥವನ್ನು ‘ಗುಂಡು’ ಎಂಬ ಒಂದೇ ಮಾತಿನಿಂದ ವಿವರಿಸಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಗುಂಡು ಈಡಿನ ಒಂದು ಅಂಗಮಾತ್ರ. ಮದ್ದು, ಗುಂಡು, ಗುಂಡಿಗೆ ಸುತ್ತುವ ಬಟ್ಟೆ, ಆ ಬಟ್ಟೆಗೆ ಸವರುವ ಜಿಡ್ಡು, ಈ ನಾಲ್ಕೂ ತಮ್ಮತಮ್ಮೊಳಗೆ ಮತ್ತು ತುಂಬಿಸಿಕೊಳ್ಳುವ ನಳಿಕೆಯೊಡನೆ ಹೊಂದಿಕೊಂಡಾಗಲೇ ಅದು ಈಡೆನಿಸುವುದು. ಈ ಹೊಂದಿಕೆಯನ್ನು ಹುಡುಕಿ ತೆಗೆಯುವುದು ಒಂದು ಶಾಸ್ತ್ರವಾಗಿದ್ದಿತು. ಅದರಲ್ಲಿ ಅತ್ಯಂತ ಕಠಿನವಾದ ಪ್ರಕರಣವೆಂದರೆ ದೊಡ್ಡ ಬಾಯಿಯ, ಎರಡು ನಳಿಕೆಗಳ, ಒಳಗೆ ಸುರುಳಿಗೀರುಗಳುಳ್ಳ, ಬಾಯಿಯಿಂದಲೇ ಮದ್ದು ತುಂಬುವ ಬೇಟೆಯ ರೈಫಲ್ಲು. ಆ ಪ್ರಕರಣವನ್ನು ತಿಳಿದರೆ ಉಳಿದವು ತಾವಾಗಿ ತಿಳಿಯುವುವಾದುದರಿಂದ ಅದನ್ನೇ ಈ ಲೇಖನಕ್ಕೆ ವಿಷಯವಾಗಿ ತೆಗೆದುಕೊಂಡಿದೆ.

ಮೊದಲು ಶಬ್ದವಿಚಾರ. ಕೆಡು ಧಾತುವಿನಿಂದ ಕೇಡು, ಪಡು ಧಾತುವಿನಿಂದ ಪಾಡು, ಬಿಡು ಧಾತುವಿನಿಂದ ಬೀಡು ಆಗುವಂತೆ, ಇಡು ಧಾತುವಿನ ಸ್ವರವು ದೀರ್ಘವಾಗಿ ಈಡು ಎಂಬ ಭಾವನಾಮವು ಸಿದ್ಧಿಸುವುದು. ಇಡು ಎಂದರೆ ನೆಲೆಗೊಳಿಸು. ಹಳಗನ್ನಡದಲ್ಲಿ ಎಸೆ, ಹೊಡೆ ಎಂಬ ಅರ್ಥವೂ ಅದಕ್ಕುಂಟು. ಹೀಗೆ ಒಳಗೆ ಇಟ್ಟದ್ದೂ ಈಡೇ, ಹೊರಗೆ ಎಸೆದದ್ದೂ ಈಡೇ. ಎರಡು ವಸ್ತುಗಳು ಒಂದಕ್ಕೊಂದು ತಕ್ಕವಾಗಿದ್ದರೆ ‘ಈಡುಜೋಡು’ ಎನ್ನುತ್ತೇವೆ. ಜೋಡುಕೋವಿಯ ವಿಷಯದಲ್ಲಿ ಈ ನುಡಿಗಟ್ಟು ಅಕ್ಷರಶಃ ಸತ್ಯವಾಗುವುದನ್ನು ಮುಂದೆ ತೋರಿಸುವೆವು. ಇನ್ನು ‘ಮದ್ದು’. ಔಷಧಕ್ಕೂ ಸಿಡಿಪುಡಿಗೂ ನಮ್ಮಲ್ಲಿ ಇದೊಂದೇ ಹೆಸರು. ಪಾರಸಿಯ ‘ದಾರೂ’ ಶಬ್ದಕ್ಕೂ ಈ ಎರಡು ಅರ್ಥಗಳುಂಟು. ಚೀನರ ಭಾಷೆಯಲ್ಲಿ ಸಿಡಿಪುಡಿಗೆ ಬೆಂಕಿಯ ಔಷಧವೆಂದೇ ಹೆಸರು. ವೈದ್ಯನ ಮದ್ದಿಗೆ ಮಾತ್ರೆಯು ರೋಗಿಯ ಬಲವನ್ನು ನೋಡಿ ನಿರ್ಣಯವಾಗತಕ್ಕದ್ದು. ಕೋವಿಯ ಮದ್ದಿಗೂ ಹಾಗೆಯೇ. ಕೋವಿ ಎಂಬುದು ಕೊಳವೆಯೆಂಬುದರ ಬಂಧುವಾದ ದೇಶ್ಯ ಶಬ್ದ. ತುಪಾಕಿಯು ತುರ್ಕರ ಮಾತು. ಬಂದೂಕು ಅರಬ್ಬಿಯಲ್ಲಿ ಒಂದು ಬಗೆಯ ಕಾಯಿಗೂ ಅದರಂತಿರುವ ಗುಂಡಿಗೂ ಹೇಳುವ ಮಾತಿನಿಂದ ಬಂದುದು. ಎಂದರೆ ನಮ್ಮವರು ಆಯುಧವನ್ನು ಅದರ ನಳಿಕೆಯಿಂದಲೂ, ಅರಬ್ಬರು ಅದರ ಗುಂಡಿನಿಂದಲೂ ಗುರುತಿಸಿದರು.

ಕವಿರಾಜಮಾರ್ಗವು ತಿರುಳ್ಗನ್ನಡದ ಎಲ್ಲೆಯೊಳಗೆ ಸೇರಿಸಿ ಹೇಳಿದ ಕೊಪಣವು, ಎಂದರೆ ಈಗಿನ ಕೊಪ್ಪಳವು, ಮತ್ತು ಅದರ ಸುತ್ತಣ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯು ಕೋವಿಯ ಚರಿತ್ರೆಯಲ್ಲಿ ಅಪ್ರಸಿದ್ಧವಾದುದಲ್ಲ. ಸಮೀಪದ ರಾಯಚೂರಿನ ಕೋಟೆಗೆ ೧೫೨೦ರಲ್ಲಿ ಕೃಷ್ಣದೇವರಾಯನು ಮುತ್ತಿಗೆ ಹಾಕಿದಾಗ, ಕ್ರಿಸ್ತೋವಾಓ ದೆ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಕಡೆಯ ಕೆಲವರು ಕೋವಿಕಾರರೂ ಗೋಡೆಯ ಮೇಲೆ ತಲೆದೋರಿದ ಕಾವಲುಗಾರರನ್ನು ಗುರಿಯಿಟ್ಟು ಕೆಡಹಿದುದನ್ನು ನೂನಿಜನು ಬರೆದಿಟ್ಟಿದ್ದಾನೆ. ಆವರೆಗೆ ಗೋಡೆಯ ಮೇಲೆ ನಿರ್ಭಯವಾಗಿ ಓಡಾಡುತ್ತಿದ್ದವರು ಗುರಿಯಿಟ್ಟ ಒಂಟಿ ಗುಂಡಿನ ಬೆಲೆಯನ್ನು ಅಂದು ಅರಿತರು. ೧೭೮೬ರಲ್ಲಿ ಟಿಪ್ಪೂಸುಲ್ತಾನನು ಕೊಪ್ಪಳವನ್ನು ವಶಪಡಿಸಿಕೊಂಡು ಫ್ರೆಂಚ್ ಎಂಜಿನಿಯರುಗಳಿಂದ ಕೋಟೆಯನ್ನು ಬಲಪಡಿಸಿದನು. ೧೭೯೦ರಲ್ಲಿ ನಿಜಾಮನ ಮತ್ತು ಇಂಗ್ಲಿಷರ ಸೈನ್ಯಗಳು ಮುತ್ತಿದಾಗ ಅದು ಸುಮಾರು ಆರು ತಿಂಗಳು ತಡೆದುನಿಂತು ೧೭೯೧ರ ಏಪ್ರಿಲಿನಲ್ಲಿ ಶರಣಾಯಿತು. ತಾನು ಹಿಂದೂದೇಶದಲ್ಲಿ ಕಂಡ ಕೋಟೆಗಳಲ್ಲೆಲ್ಲ ಇದೇ ಅತ್ಯಂತ ದುರ್ಗಮವೆಂದು ಜಾನ್ ಮಾಲ್ಕಮನು ಹೇಳಿದನು. ೧೮೫೮ರಲ್ಲಿ ಮುಂಡರಗಿಯ ಭೀಮರಾಯನು ಇದೇ ಕೋಟೆಯನ್ನು ಹಿಡಿದು, ಜೂನ್ ತಿಂಗಳ ಮೊದಲನೆಯ ದಿನ ಇಲ್ಲಿಯೇ ಹೋರಾಡಿ ಮಡಿದನು.

ಈ ಯುದ್ಧಗಳಲ್ಲಿ ಬಳಕೆಯಾದ ಕೋವಿಗಳಲ್ಲಿ ಹೆಚ್ಚಿನವು ಒಂಟಿನಳಿಕೆಯವು; ೧೮೫೦ರ ವರೆಗೆ ಬಹುಮಟ್ಟಿಗೆ ಅವುಗಳ ಒಳಮೈ ನುಣುಪಾಗಿಯೇ ಇದ್ದಿತು. ಟಿಪ್ಪುವಿನ ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಜೋಡುನಳಿಕೆಯ ಚಕಮಕಿ ಕೋವಿಗಳು ಸಹ ತಯಾರಾಗುತ್ತಿದ್ದುವು. ಆದರೆ ದೊಡ್ಡ ಬಾಯಿಯ ಜೋಡುರೈಫಲ್ಲು ಈ ದೇಶಕ್ಕೆ ಬಂದುದು ಮುಖ್ಯವಾಗಿ ೧೯ನೆಯ ಶತಮಾನದ ನಡುಗಾಲದಲ್ಲಿ, ಬೇಟೆಗಾಗಿ. ಆಗ ಕೊಪ್ಪಳವೂ ಯಲಬುರ್ಗಾವೂ ಸಾಲಾರಜಂಗರ ಜಹಗೀರಿಗೆ ಸೇರಿದುವು. ಕುಷ್ಟಗಿಗೆ ನೆರೆಯಾದ ಲಿಂಗಸುಗೂರಿನಲ್ಲಿ ನಿಜಾಮನ ಕಂಟಿಂಜೆಂಟ್ ಸೈನ್ಯದ ದಂಡು ಇಳಿದಿದ್ದಿತು. ಅದರಾಚೆಯ ಸುರಪುರದಲ್ಲಿ ೧೮೪೧ರಿಂದ ೧೮೫೩ರ ವರೆಗೆ ಮೆಡೋಸ್ ಟೇಲರನು ಆಡಳಿತ ನಡೆಯಿಸಿದನು. ಇಂಥ ಅಧಿಕಾರಿಗಳ ಕಾಲದ ಆಯುಧವಿದು. ಆನೆ, ಕಾಟಿ, ಹುಲಿಗಳ ಎದುರಿಗೆ ಒಂದು ಗುಂಡು ತಪ್ಪಿದರೆ ಬಾಯಿಯಿಂದ ಮತ್ತೆ ತುಂಬಲು ಅವಕಾಶವಿರದು. ಆದುದರಿಂದ ಎರಡನೆಯ ನಳಿಕೆಯು ಪ್ರಾಣರಕ್ಷಕವಾಗಿದ್ದಿತು. ಮತ್ತು ಎರಡೂ ನಳಿಕೆಗಳು ಒಂದೇ ಗುರಿಗೆ ಹೊಡೆಯಬೇಕೆಂಬ ನಿಯಮವೂ ಅಲ್ಲಿಂದಲೇ ಹುಟ್ಟಿತು.

ಕೋವಿಯ ಬಾಯಿಯನ್ನು ಅಳೆಯುವ ಇಂಗ್ಲಿಷರ ಪದ್ಧತಿ ವಿಚಿತ್ರವಾದುದು. ಒಂದು ಪೌಂಡು ಸೀಸದಿಂದ ಆ ನಳಿಕೆಗೆ ಹಿಡಿಯುವ ಎಷ್ಟು ದುಂಡುಗುಂಡುಗಳನ್ನು ಎರಕಹೊಯ್ಯಬಹುದೋ ಅದೇ ಆ ಕೋವಿಯ ‘ನಂಬರು’. ಹೀಗಾಗಿ ನಂಬರು ಕಿರಿದಾದಷ್ಟೂ ಬಾಯಿ ಹಿರಿದು. ಒಂದು ಪೌಂಡಿಗೆ ೭೦೦೦ ಗ್ರೇನು. ನಮ್ಮ ತೊಲಕ್ಕೆ ೧೮೦ ಗ್ರೇನು. ಆದುದರಿಂದ ೧೨ನೆಯ ನಂಬರಿನ ಗುಂಡು ಸುಮಾರು ೫೮೩ ಗ್ರೇನು, ಎಂದರೆ ಮೂರೂಕಾಲು ತೊಲ. ೮ನೆಯ ನಂಬರಿನದು ೮೭೫ ಗ್ರೇನು, ಐದು ತೊಲಕ್ಕೆ ತುಸು ಕಡಿಮೆ. ೪ನೆಯ ನಂಬರಿನದು ೧೭೫೦ ಗ್ರೇನು, ಹತ್ತು ತೊಲಕ್ಕೆ ತುಸು ಕಡಿಮೆ. ಗೋಲದ ತೂಕವು ವ್ಯಾಸದ ಘನವನ್ನು ಅನುಸರಿಸುವುದರಿಂದ, ಒಂದು ಪೌಂಡಿನ ಒಂಟಿ ಗುಂಡಿನ ವ್ಯಾಸವು ೧.೬೭ ಅಂಗುಲವಾದರೆ ೮ನೆಯ ನಂಬರಿನದು ಅದರ ಎಂಟನೆಯ ಒಂದಾಗದೆ ಸರಿಯಾಗಿ ಅರ್ಧ, ಎಂದರೆ ೦.೮೩೫ ಅಂಗುಲವಾಗುವುದು. ಲೀಲಾವತಿಯನ್ನು ಓದಿದವರಿಗೆ ಇದು ಸುಲಭ. ಆದರೆ ನಂಬರನ್ನೇ ನಂಬಿ ಗುಂಡು ಎರೆಯಬಾರದು. ಎಷ್ಟೋ ಹಳೆಯ ನಳಿಕೆಗಳು ತಮ್ಮ ನಂಬರಿಗಿಂತ ಕೂದಲೆಳೆಯಷ್ಟು ಹೆಚ್ಚೋ ಕಡಿಮೆಯೋ ಇರುವುವು. ಅಚ್ಚನ್ನು ನಳಿಕೆಗೆ ತಕ್ಕಂತೆ ಮಾಡಿಸಬೇಕು. ಗುಂಡು ಬಾಯಿಗಿಂತ ಕಿಂಚಿತ್ ಕಿರಿದಾಗಿ, ಉಳಿದ ಸಂದನ್ನು ಜಿಡ್ಡು ಸವರಿದ ಬಟ್ಟೆಯು ತುಂಬಬೇಕು. ಆ ಬಟ್ಟೆಯೇ ಗೀರುಗಳನ್ನು ಕಚ್ಚಿಕೊಂಡು ಗುಂಡನ್ನು ತಿರುಗಿಸುವುದು.

ಗುಂಡು ತಿರುಗುತ್ತ ಹೋದರೆ ದಾರಿಯನ್ನು ಬಿಡದು ಎಂಬುದು ಬುಗುರಿಯಾಡಿದ ಬಾಲಕರಿಗೂ ಗೊತ್ತು. ಎಷ್ಟು ತಿರುಗಬೇಕೆಂಬುದರಲ್ಲಿ ಮಾತ್ರ ಆ ಕಾಲದ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದ್ದಿತು. ಸಿಂಧದಲ್ಲಿದ್ದ ಜನರಲ್ ಜಾನ್ ಜಾಕಬನು (ಜಾಕಬಾಬಾದಿಗೆ ಇವನದೇ ಹೆಸರು, ೧೮೫೮ರಲ್ಲಿ ತೀರಿಕೊಂಡನು) ೩೨ನೆಯ ನಂಬರಿನ ಜೋಡುರೈಫಲ್ಲನ್ನು ರಚಿಸಿ, ನಾಲ್ಕು ಆಳವಾದ ಗೀರುಗಳನ್ನು ಕೊರೆಯಿಸಿ, ೨೪ ಅಂಗುಲದ ನಳಿಕೆಯಲ್ಲಿ ಗುಂಡು ಐದರಲ್ಲಿ ನಾಲ್ಕು ಸುತ್ತು ತಿರುಗುವಂತೆ ಮಾಡಿದನು. ಅವನ ಗುಂಡು ಮೊನಚು ತಲೆಯ ಉದ್ದಗುಂಡು. ಗೀರಿಗೆ ಕೂಡುವ ನಾಲ್ಕು ಮೊಳೆಗಳು ಅದರ ಮೈಮೇಲೆ ಇದ್ದುವು. ಮಧ್ಯಪ್ರಾಂತಗಳ ಕಾಡಿನಲ್ಲಿ ಬೇಟೆಯಾಡಿದ ಜೇಮ್ಸ್ ಫಾರ್ಸೈತನು ೧೮೬೩ರಲ್ಲಿ ಬೇಟೆಯ ರೈಫಲ್ಲಿನ ಮೇಲೆ ಗ್ರಂಥವನ್ನು ಪ್ರಕಟಿಸಿ ಇದಕ್ಕೆ ಎದುರಾದ ಪಕ್ಷವನ್ನು ಹಿಡಿದನು. ಅವನ ಮತದಲ್ಲಿ ಕಾಡಿನ ಬೇಟೆಗೆ ದುಂಡುಗುಂಡೇ ಶ್ರೇಷ್ಠ. ೧೪ನೆಯ ನಂಬರಿನ ೨೬ ಅಂಗುಲದ ನಳಿಕೆಯಲ್ಲಿ ಅದು ಕಾಲುಸುತ್ತು ತಿರುಗಿದರೆ ಸಾಕು. ಹೀಗೇಕೆಂದರೆ, ಬಿಗಿಯಾದ ಸುರುಳಿಯಲ್ಲಿ ದುಂಡುಗುಂಡಿಗೆ ಮದ್ದು ಹೆಚ್ಚಾದರೆ ಗುಂಡು ಗೀರುಗಳ ಹಾದಿಯನ್ನು ಹಿಡಿಯದೆ ಅವುಗಳ ಮೇಲೆ ಹಾರಿಕೊಂಡು ಹೋಗುವುದು. ಸುರುಳಿ ಸಡಿಲವಾದರೆ ಮದ್ದನ್ನು ಧಾರಾಳವಾಗಿ ಹಾಕಬಹುದು. ಗುಂಡು ವೇಗವಾಗಿ ಹೋದರೆ ಅದರ ದಾರಿ ಹೆಚ್ಚು ಬಾಗದು. ದಾರಿ ಬಾಗದಿದ್ದರೆ ಪೊದೆಗಳ ನಡುವೆ ದೂರವನ್ನು ಊಹಿಸುವಲ್ಲಿ ಹತ್ತಿಪ್ಪತ್ತು ಗಜ ತಪ್ಪಿದರೂ ಗುರಿ ತಪ್ಪದು. ನಮಗೆ ಫಾರ್ಸೈತನ ಪಕ್ಷವೇ ಯುಕ್ತವಾಗಿ ತೋರುವುದು, ಆದರೆ ದುಂಡುಗುಂಡಿನ ಮಟ್ಟಿಗೆ ಮಾತ್ರ. ಜಾಕಬನು ಹೇಳಿದ್ದು ಉದ್ದಗುಂಡಿನ ವಿಷಯ, ಫಾರ್ಸೈತನು ಹೇಳಿದ್ದು ದುಂಡುಗುಂಡಿನ ವಿಷಯ, ವಿಷಯಭೇದವಿರುವಲ್ಲಿ ವಿರೋಧವಿಲ್ಲ.

ಇದರಿಂದ ಒಂದು ಉಪಸಿದ್ಧಾಂತವೂ ಹೊರಡುವುದು. ಸಡಿಲಸುರುಳಿಯ ದೊಡ್ಡ ಕೋವಿಗೆ ಮದ್ದನ್ನು ಕಡಿಮೆ ಹಾಕಿದರೆ ಗುಂಡಿಗೆ ಸಾಕಷ್ಟು ತಿರುಗಣೆ ದೊರೆಯದೆ ಅದು ಚೆದರುವುದು. ಹೀಗೆ ಕೆಲವು ಕೋವಿಗಳು ಸ್ವಭಾವದಿಂದಲೇ ಬಹುಭೋಜಿಗಳು. ಇದಕ್ಕೆ ಪರಾಕಾಷ್ಠೆಯ ನಿದರ್ಶನವೆಂದರೆ ಸಾಮ್ಯುಯಲ್ ಬೇಕರನು ಸಿಂಹಳಕ್ಕೆ ತಂದ ಗಿಬ್ಸ್ ರೈಫಲ್ಲು. ಅದು ಒಂಟಿನಳಿಕೆಯದು, ೨೧ ಪೌಂಡು ಭಾರ, ಮೂರು ಔನ್ಸಿನ ಗುಂಡು, ೧೬ ಡ್ರಾಮು ಮದ್ದು. ಹದಿನಾರು ಡ್ರಾಮೆಂದರೆ ಒಂದು ಔನ್ಸು. ಗುಂಡಿನ ತೂಕದ ಮೂರನೆಯ ಒಂದು ಭಾಗ! ಅದರಲ್ಲಿ ಸುರುಳಿಯು ಬಿಗಿಯೇ ಆಗಿದ್ದಿತು. ಆದರೆ ಗುಂಡಿನ ನಡುವಿಗೆ ಒಂದು ಪಟ್ಟಿಯಿದ್ದು ಅದು ಎರಡು ಗೀರುಗಳಲ್ಲಿ ಕುಳಿತುಕೊಳ್ಳುತ್ತಿದ್ದುದರಿಂದ ಹಾರಿಹೋಗಲು ಆಸ್ಪದವಿರಲಿಲ್ಲ.

ಮದ್ದಿನ ವಿಷಯದಲ್ಲಿ ಸಂಸ್ಕೃತಜ್ಞರು ಶುಕ್ರನೀತಿಯನ್ನು ಸ್ಮರಿಸದೆ ಇರಲಾರರು. ಅದರಲ್ಲಿ ನಾಲಿಕಾಯುಧದ ವರ್ಣನೆಯೂ, ಅಗ್ನಿಚೂರ್ಣಕ್ಕೆ ಐದು ಪಲ ಸುವರ್ಚಿಲವಣ, ಒಂದು ಪಲ ಗಂಧಕ, ಎಕ್ಕೆ ಕಳ್ಳಿ ಮೊದಲಾದುವುಗಳನ್ನು ಹೊಗೆ ಹೊರಬಾರದಂತೆ ಸುಟ್ಟ ಇದ್ದಲು ಒಂದು ಪಲ ಎಂಬ ವಿಧಿಯೂ ಇವೆ. ಇದನ್ನು ನೂರಕ್ಕೆ ಲೆಕ್ಕ ಹಾಕಿದರೆ ಪೆಟ್ಲುಪ್ಪು ಸುಮಾರು ೭೧, ಉಳಿದೆರಡು ಹದಿನಾಲ್ಕು ಚಿಲ್ಲರೆ. ಇಂಗ್ಲಿಷರ ಮದ್ದಿನಲ್ಲಿ ಉಪ್ಪು ೭೫, ಇದ್ದಲು ೧೫, ಗಂಧಕ ೧೦. ಎರಡೂ ಎಷ್ಟು ಸಮೀಪವೆಂದು ಹಿಗ್ಗಿ, ಸಿಡಿಪುಡಿಯು ನಮ್ಮಲ್ಲಿ ಅತಿ ಪ್ರಾಚೀನವೆಂದು ಗುಸ್ತಾವ್ ಆಪರ್ಟನು ೧೮೮೦ರಲ್ಲಿ ವಾದಿಸಿದನು. ಆದರೆ ಈ ಸಾಮೀಪ್ಯವೇ ಸಂಶಯಕ್ಕೆ ಕಾರಣ. ಶುಕ್ರನೀತಿಯು ಈಗಿನ ರೂಪದಲ್ಲಿ ೧೯ನೆಯ ಶತಮಾನದ ಗ್ರಂಥವೆಂದು ಲಲ್ಲನ್‌ಜಿ ಗೋಪಾಲರು ೧೯೬೨ರಲ್ಲಿ ಪ್ರತಿಪಾದಿಸಿದರು. ನಾವು ಅವರ ಮಾತನ್ನು ಒಪ್ಪುತ್ತೇವೆ. ಪ್ರಾಚೀನತೆಯನ್ನು ಬಿಟ್ಟುಕೊಟ್ಟರೂ ಆ ಶ್ಲೋಕಗಳ ಬೆಲೆಯೇನೂ ಕುಂದದು. ಬರೆದವನಿಗೆ ಕೈಕೆಲಸ ಗೊತ್ತಿದ್ದಿತು. ಚೂರ್ಣವನ್ನು ರಸದಲ್ಲಿ ನಾದಿ ಒಣಗಿಸಿ ಸಕ್ಕರೆಯಂತೆ ಮಾಡಬೇಕೆಂದು ಆತನು ಹೇಳುತ್ತಾನೆ. ಈ ‘ಸಕ್ಕರೆಯಂತೆ’ ಎಂಬುದೇ ಮುಖ್ಯ. ನುಣುಪು ಹಿಟ್ಟು ಒತ್ತಿಕೊಂಡು ಉರಿಯುವ ಬಗೆ ಬೇರೆ, ಹರಳುಮದ್ದು ಉರಿಯುವ ಬಗೆ ಬೇರೆ. ಹರಳು ಕಿರಿದಾದಷ್ಟೂ ಉರಿ ಬೇಗ, ಒತ್ತಡ ತೀವ್ರ. ದೊಡ್ಡ ಬಾಯಿಗೆ ದೊಡ್ಡ ಹರಳೇ ಯೋಗ್ಯ; ಭಾರವಾದ ಗುಂಡನ್ನು ಅದು ತಳ್ಳಿಕೊಂಡು ಹೋಗುವುದೇ ಹೊರತು ಗುದ್ದುವುದಿಲ್ಲ. ಈಗಿನ ಹೊಗೆಯಿಲ್ಲದ ಮದ್ದನ್ನಂತೂ ಇಂಥ ಕೋವಿಗಳ ಹತ್ತಿರಕ್ಕೂ ತರಬಾರದು. ಅದರ ಒತ್ತಡವನ್ನು ಆ ನಳಿಕೆಗಳು ತಡೆಯಲಾರವು.

ಇನ್ನು ಪ್ರಕೃತದ ಮರ್ಮಕ್ಕೆ ಬರೋಣ. ಜೋಡುಕೋವಿಯ ಎರಡು ನಳಿಕೆಗಳು ನೋಡುವ ಕಣ್ಣಿಗೆ ಸಮಾನಾಂತರವಾಗಿ ಕಾಣುವುವು. ವಾಸ್ತವದಲ್ಲಿ ಅವುಗಳ ಒಳದಾರಿಗಳು ಬುಡದಲ್ಲಿ ದೂರವಾಗಿಯೂ ಬಾಯಿಯಲ್ಲಿ ಹತ್ತಿರವಾಗಿಯೂ ಇರುವುವು; ಎಂದರೆ ಬಲನಳಿಕೆಯು ಸ್ವಲ್ಪ ಎಡಕ್ಕೂ ಎಡನಳಿಕೆಯು ಸ್ವಲ್ಪ ಬಲಕ್ಕೂ ನೋಡುತ್ತಿರುವುವು. ಇದನ್ನು ಮೊದಲ ಬಾರಿ ಅಳೆದವರು, ಗುಂಡುಗಳು ಮುಂದೆ ಕತ್ತರಿಯಂತೆ ಹಾಯ್ದುಹೋಗಬೇಕಲ್ಲವೇ ಎಂದು ಶಂಕಿಸುವರು. ಸಮಾಧಾನವು ಹೀಗೆ. ಬಲನಳಿಕೆಯು ಕೋವಿಯ ಗುರುತ್ವಕೇಂದ್ರದಿಂದ ಬಲಗಡೆಗಿದೆ. ಅದರಲ್ಲಿ ಮದ್ದು ಹತ್ತಿದ ಕೂಡಲೆ ಹಿಂದೊದೆತವು ಕೋವಿಯನ್ನು ಹಿಂದಕ್ಕೆ ತಳ್ಳುವುದಲ್ಲದೆ ಬಲಕ್ಕೂ ಮೇಲಕ್ಕೂ ತಿರುಗಿಸುವುದು. ಗುಂಡು ನಳಿಕೆಯನ್ನು ದಾಟುವುದಕ್ಕೆ ಒಂದು ಸೆಕೆಂಡಿನ ಸಾವಿರದಲ್ಲಿ ಎರಡು ಮೂರು ಭಾಗದಷ್ಟು ಕಾಲ ಹಿಡಿಯುವುದು. ಕಾಲವು ಅತ್ಯಲ್ಪವಾದರೂ ಅಷ್ಟರೊಳಗೆ ಕೋವಿಯ ಬಾಯಿಯು ಸರಿದಿರುವುದು. ಎಡಕ್ಕೆ ನೋಡುತ್ತಿದ್ದ ಬಲನಳಿಕೆಯು ಗುಂಡು ಹೊರಬೀಳುವ ಕ್ಷಣಕ್ಕೆ ನೇರವಾಗಿ ಗುರಿಯನ್ನು ನೋಡುವುದು. ಎಡನಳಿಕೆಗೂ ಇದೇ ನ್ಯಾಯ, ದಿಕ್ಕು ಮಾತ್ರ ವ್ಯತ್ಯಾಸ. ಕಮ್ಮಾರನು ನಳಿಕೆಗಳನ್ನು ಬೆಸೆಯುವಾಗ ಬಾಯಿಗಳ ನಡುವೆ ಒಂದು ಬೆಣೆಯಿಟ್ಟು, ಹೊಡೆದು ನೋಡಿ, ಬೆಸುಗೆಯನ್ನು ಮತ್ತೆ ಕಾಯಿಸಿ ಬೆಣೆಯನ್ನು ಸರಿಸಿ, ಹೀಗೆ ಪುನಃಪುನಃ ಮಾಡಿ ಎರಡನ್ನೂ ಒಂದೇ ಗುರಿಗೆ ತರುತ್ತಿದ್ದನು. ಆದರೆ ಆತನು ಹಾಗೆ ಹೊಂದಿಸಿದ್ದು ಒಂದು ಗೊತ್ತಾದ ಈಡಿಗೆ. ಆ ಈಡು ಬದಲಾದರೆ ಹೊಂದಿಕೆಯೂ ಕೆಡುವುದು.

ಹೇಗೆ ಕೆಡುವುದೆಂಬುದನ್ನು ತಿಳಿದರೆ ಸರಿಪಡಿಸುವ ದಾರಿಯೂ ತಿಳಿಯುವುದು. ಮದ್ದು ಕಡಿಮೆಯಾಗಿ ಗುಂಡು ನಿಧಾನವಾದರೆ ಅದು ನಳಿಕೆಯಲ್ಲಿ ಹೆಚ್ಚು ಹೊತ್ತು ಇರುವುದು. ಕೋವಿಯು ಬೇಕಾದುದಕ್ಕಿಂತ ಹೆಚ್ಚು ತಿರುಗುವುದು. ಬಲನಳಿಕೆಯ ಗುಂಡು ಬಲಕ್ಕೂ ಎಡನಳಿಕೆಯದು ಎಡಕ್ಕೂ ಅಗಲಿಹೋಗುವುವು. ಮದ್ದು ಹೆಚ್ಚಾಗಿ ಗುಂಡು ಬೇಗ ಹೊರಬಿದ್ದರೆ ಕೋವಿಯು ತಿರುಗಲು ಕಾಲ ಸಾಲದೆ, ಬಲದ ಗುಂಡು ಎಡಕ್ಕೂ ಎಡದ್ದು ಬಲಕ್ಕೂ ಬಿದ್ದು ಅಡ್ಡಹಾಯುವುವು. ಅಗಲಿದರೆ ವೇಗ ಸಾಲದು, ಹಾಯ್ದರೆ ವೇಗ ಹೆಚ್ಚು: ಈ ಒಂದು ಸೂತ್ರವನ್ನು ಹಿಡಿದವನಿಗೆ ಕೋವಿಯೇ ತನ್ನ ಮಾತ್ರೆಯನ್ನು ಹೇಳುವುದು. ಒಂಟಿನಳಿಕೆಯ ಕೋವಿಗೆ ಈ ಬಾಯಿಲ್ಲ. ಅದರ ಗುಂಡು ಪಕ್ಕಕ್ಕೆ ಹೋದರೆ ಗುರಿಕಣ್ಣನ್ನು ಒತ್ತಿ ಸರಿಪಡಿಸಿಬಿಡುತ್ತಾರೆ, ಈಡು ಸರಿಯೋ ತಪ್ಪೋ ಗೊತ್ತಾಗದೆಯೇ ಉಳಿಯುವುದು. ಜೋಡುಕೋವಿಯಲ್ಲಿ ಹಾಗೆ ಮರೆಮಾಚಲಾಗದು. ಗುರಿಕಣ್ಣು ಎರಡಕ್ಕೂ ಒಂದೇ. ಈಡುಜೋಡೆಂಬ ನುಡಿಗಟ್ಟು ಇಲ್ಲಿ ಅಕ್ಷರಶಃ ಸತ್ಯವೆಂದು ಮೇಲೆ ಹೇಳಿದ್ದು ಇದರಿಂದಲೇ.

ಹುಡುಕುವ ಕ್ರಮವು ನೈಯಾಯಿಕರ ಅನ್ವಯವ್ಯತಿರೇಕವೇ. ಯಾವುದು ಇದ್ದರೆ ಫಲವುಂಟೋ, ಯಾವುದು ಇಲ್ಲದಿದ್ದರೆ ಫಲವಿಲ್ಲವೋ, ಅದೇ ಕಾರಣ. ಮತ್ತು ಇದನ್ನು ಕಾಣಬೇಕಾದರೆ ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು. ಮದ್ದನ್ನೂ ಬಟ್ಟೆಯನ್ನೂ ಒಟ್ಟಿಗೆ ಬದಲಿಸಿದವನು ಗುಂಡು ಸರಿಯಾಗಿ ಬಿದ್ದರೂ ಏತರಿಂದ ಬಿತ್ತೆಂದು ಹೇಳಲಾರನು. ಮೊದಲು ಒಂದೊಂದು ನಳಿಕೆಯೂ ತನ್ನೊಳಗೆ ಏಕವಾಕ್ಯತೆಯನ್ನು ಪಡೆಯಬೇಕು, ಎಂದರೆ ಅದರ ನಾಲ್ಕೈದು ಗುಂಡುಗಳು ಒತ್ತೊತ್ತಾಗಿ ಬೀಳಬೇಕು. ಅದು ಆಗುವವರೆಗೆ ಎರಡು ನಳಿಕೆಗಳ ಸಂಬಂಧವನ್ನು ವಿಚಾರಿಸುವುದು ವ್ಯರ್ಥ. ಒಂದೇ ನಳಿಕೆಯ ಗುಂಡುಗಳು ಚೆದರಿದರೆ ದೋಷವು ಪ್ರಾಯಶಃ ಬಟ್ಟೆಯಲ್ಲಿರುವುದು. ಹೊಡೆದ ಬಳಿಕ ಹತ್ತಾರು ಹೆಜ್ಜೆ ಮುಂದೆ ನಡೆದು ನೆಲದ ಮೇಲೆ ಬಿದ್ದ ಬಟ್ಟೆಯನ್ನು ಎತ್ತಿ ನೋಡಬೇಕು. ಅದು ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವು, ಇಲ್ಲವೆ ಜಿಡ್ಡು ಸಾಲದು. ಅಂಚಿನಲ್ಲಿ ಹರಿದಿದ್ದರೆ ಗುಂಡು ಅತಿ ಬಿಗಿ, ಇಲ್ಲವೆ ಗೀರಿನ ಅಂಚು ಹರಿತ. ಗೀರುಗಳ ಗುರುತು ನಾಲ್ಕೂ ಕಡೆ ಸಮವಾಗಿ ಮೂಡಿ ಬಟ್ಟೆ ಹಿಂಜದೆ ಇದ್ದರೆ ಅಲ್ಲಿಗೆ ಆ ಅಂಗವು ಸಿದ್ಧವಾಯಿತು. ಈ ಚಿಂದಿಯನ್ನು ಓದುವುದು ಪ್ರಾಚೀನ ಲೇಖನವನ್ನು ಓದುವುದಕ್ಕಿಂತ ಸುಲಭವೇನೂ ಅಲ್ಲವೆಂದು ಬಲ್ಲವರು ಹೇಳುವರು.

ಆಮೇಲೆ ಮದ್ದು. ಕಡಿಮೆಯಿಂದಲೇ ಆರಂಭಿಸಿ ಏರಿಸತಕ್ಕದ್ದು. ಮೇಲಿಂದ ಇಳಿಸುವ ಕ್ರಮವು ಅಪಾಯಕರ. ೧೨ನೆಯ ನಂಬರಿನ ಒಂದು ಜೋಡುರೈಫಲ್ಲನ್ನು ಉದಾಹರಣೆಗಾಗಿ ಭಾವಿಸೋಣ. ಮರಳುಚೀಲದ ಮೇಲೆ ಮುಂಗೈಯನ್ನು ಊರಿ (ನಳಿಕೆಯನ್ನೇ ಊರಿದರೆ ಅದು ಪುಟಿದು ಸುಳ್ಳು ಹೇಳುವುದು), ಐವತ್ತು ಗಜ ದೂರದ ಕಾಗದಕ್ಕೆ ೮೨ ಗ್ರೇನಿನಿಂದ, ಎಂದರೆ ಮೂರು ಡ್ರಾಮಿನಿಂದ, ಮೊದಲು ಬಲ, ಕೂಡಲೆ ಎಡ, ಹೀಗೆ ಹೊಡೆಯುವುದು. ಬೇಟೆಯಲ್ಲಿ ಹೊಡೆಯುವ ಕ್ರಮವೂ ಅದೇ. ಎರಡನೆಯ ಹೊಡೆತದ ಹೊತ್ತಿಗೆ ನಳಿಕೆಗಳು ಬಿಸಿಯಾಗಿರುವುದೂ ಲೆಕ್ಕಕ್ಕೆ ಸೇರಬೇಕು. ಪ್ರತಿಯೊಂದು ಜೊತೆಯಾದ ಮೇಲೆ ಒಳಗನ್ನು ಒರಸಿ ಆರಲು ಬಿಡುವುದು. ಎರಡರ ಗುಂಪುಗಳು ಎಂಟು ಬೆರಳು ಅಗಲಿವೆಯೆನ್ನೋಣ. ಐದೈದು ಗ್ರೇನಿನಂತೆ ಏರಿಸುತ್ತ ಹೋದರೆ ಅವು ಒಂದನ್ನೊಂದು ಸಮೀಪಿಸುವುವು. ಎಲ್ಲಿ ಪಕ್ಕಪಕ್ಕದಲ್ಲಿ ನಿಲ್ಲುವುವೋ ಅಲ್ಲಿ ನಿಲ್ಲಿಸುವುದು. ಇನ್ನೂ ಏರಿಸಿದರೆ ಹಾಯುವುವು. ಏರಿಸುವುದಕ್ಕೂ ಒಂದು ಎಲ್ಲೆಯುಂಟು. ಮಾಡಿದವನು ಬರೆದಿಟ್ಟ ಮಾತ್ರೆಯನ್ನು ಮೀರಬಾರದು. ಅಲ್ಲಿಗೂ ಗುಂಪುಗಳು ಕೂಡದಿದ್ದರೆ ಗುಂಡಿನ ತೂಕವನ್ನೋ ಹರಳಿನ ದಪ್ಪವನ್ನೋ ವಿಚಾರಿಸಬೇಕೇ ಹೊರತು ಮದ್ದನ್ನಲ್ಲ. ಸ್ಥೂಲವಾಗಿ ಹೇಳುವುದಾದರೆ, ಗುಂಡು ಭಾರವಾದರೆ ನಿಧಾನವಾಗಿ ಅಗಲುವುದು, ಹಗುರಾದರೆ ಕೂಡುವುದು.

ನಮ್ಮ ಸೀಮೆಯ ಹವೆಯೂ ಇದರಲ್ಲಿ ಪಾಲುಗೊಳ್ಳುವುದು. ಕರಿಮದ್ದು ಉರಿದಾಗ ಅರ್ಧಕ್ಕಿಂತಲೂ ಹೆಚ್ಚು ಭಾಗ ಮಸಿಯಾಗಿಯೂ ಹೊಗೆಯಾಗಿಯೂ ಉಳಿಯುವುದು. ಕೊಪ್ಪಳ ಕುಷ್ಟಗಿಗಳ ವೈಶಾಖದ ಒಣಗಾಳಿಯಲ್ಲಿ ಆ ಮಸಿಯು ಗಟ್ಟಿಯಾಗಿ ಹೆಪ್ಪಳಿಸಿ, ನಾಲ್ಕನೆಯ ಗುಂಡನ್ನು ಗಜದಿಂದ ಇಳಿಸುವುದೇ ಕಷ್ಟವಾಗುವುದು. ಶ್ರಾವಣದ ತೇವದಲ್ಲಿ ಅದೇ ಮಸಿ ಮೆತ್ತಗಿರುವುದು. ಆದುದರಿಂದ ಮಳೆಗಾಲದಲ್ಲಿ ಕಂಡುಕೊಂಡ ಈಡು ಬೇಸಗೆಯಲ್ಲಿ ತಪ್ಪಬಹುದು. ಇಲ್ಲಿ ಮದ್ದನ್ನು ಮುಟ್ಟದೆ ಜಿಡ್ಡನ್ನು ಹೆಚ್ಚಿಸುವುದೇ ವಿವೇಕ. ಈ ಜಿಡ್ಡು ಅಲ್ಪವಿಷಯವೆಂದು ಯಾರೂ ತಿಳಿಯದಿರಲಿ. ೧೮೫೭ರಲ್ಲಿ ಎನ್ಫೀಲ್ಡ್ ರೈಫಲ್ಲಿನ ತೋಟಾಕಾಗದಕ್ಕೆ ಸವರಿದ ಕೊಬ್ಬೇ ದೇಶವನ್ನು ಹೊತ್ತಿಸಿದ ಕಿಡಿಗಳಲ್ಲೊಂದಾಯಿತು; ಆ ಕೊಬ್ಬು ಅಲ್ಲಿದ್ದುದು ಗುಂಡು ಮಸಿಯ ಮೇಲೆ ಜಾರಲಿ ಎಂಬ ಇದೇ ಕಾರಣಕ್ಕೆ. ಅದೇ ವರ್ಷದ ನಿಶ್ಶಸ್ತ್ರೀಕರಣದ ಕಾಯಿದೆಯಿಂದ ಹಲಗಲಿಯ ಬೇಡರು ಸಿಡಿದೆದ್ದರು. ಲಾವಣಿಯನ್ನು ಪಾಠಹೇಳುವವರು ಈ ಎರಡನ್ನೂ ಕೂಡಿಸಿ ಹೇಳಿದರೆ ಹುಡುಗರಿಗೆ ವಿಷಯವು ಮನದಟ್ಟಾಗುವುದು.

ಜೋಡುಕೋವಿಗೇ ವಿಶೇಷವಾದ ಎರಡು ಅಪಾಯಗಳನ್ನು ಇಲ್ಲಿ ಹೇಳದಿದ್ದರೆ ಲೋಪವಾದೀತು. ಒಂದು ನಳಿಕೆಯನ್ನು ಹೊಡೆದಾಗ ಆ ಒದೆತಕ್ಕೆ ಮತ್ತೊಂದರ ಗುಂಡು ಮದ್ದನ್ನು ಬಿಟ್ಟು ಮುಂದಕ್ಕೆ ಜಾರಬಹುದು. ನಡುವೆ ಬಯಲುಳಿದ ಈಡನ್ನು ಹೊತ್ತಿಸಿದರೆ ನಳಿಕೆಯು ಉಬ್ಬುವುದು ಅಥವಾ ಒಡೆಯುವುದು. ಆದುದರಿಂದ ಬಲವನ್ನು ಎರಡು ಸಲ ಹೊಡೆದು ಎಡವನ್ನು ಹಾಗೆಯೇ ಇಟ್ಟುಕೊಂಡವನು, ಎಡವನ್ನು ಹೊಡೆಯುವ ಮುನ್ನ ಗಜವನ್ನು ಇಳಿಸಿ ಗುಂಡು ತನ್ನ ಸ್ಥಾನದಲ್ಲಿದೆಯೇ ಎಂದು ನೋಡಬೇಕು. ಅದಕ್ಕಾಗಿಯೇ ಹಿಂದಿನವರು ಗಜದ ಮೇಲೆ ತುಂಬಿದ ನಳಿಕೆಗೊಂದು, ಬರಿಯ ನಳಿಕೆಗೊಂದು ಗೀಟನ್ನು ಕೊರೆದಿಡುತ್ತಿದ್ದರು. ಇನ್ನೊಂದು, ಖಾಲಿಯಾದ ನಳಿಕೆಯನ್ನು ತುಂಬುವಾಗ ತುಂಬಿದ ನಳಿಕೆಯ ಕೇಪನ್ನು ತೆಗೆಯದೆ ಇರುವುದು. ಗಡಿಬಿಡಿಯಲ್ಲಿ ತುಂಬಿದುದಕ್ಕೇ ಮತ್ತೆ ತುಂಬಿ ಬೆರಳು ಕಳೆದುಕೊಂಡವರೂ ಉಂಟು.

ಈಗ ಆನೆ ಕಾಟಿಗಳ ಬೇಟೆಯಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣೆಯ ಶಾಸನದಿಂದ ಬೇಟೆಯೇ ನಿಂತಿತು, ಅದು ಯುಕ್ತವೂ ಹೌದು. ೧೯೫೯ರ ಆಯುಧಶಾಸನವು ಬೆಳೆಯ ರಕ್ಷಣೆಗಾಗಿ ಬಾಯಿಮದ್ದಿನ ಕೋವಿಗೆ ಪರವಾನಗಿಯನ್ನು ಕೊಡಲು ಆಸ್ಪದವಿಟ್ಟಿದೆ. ದೊಡ್ಡ ಜೋಡುರೈಫಲ್ಲುಗಳು ವಸ್ತುಸಂಗ್ರಹಾಲಯಗಳಲ್ಲಿಯೂ, ಯೂರೋಪು ಅಮೆರಿಕಗಳಲ್ಲಿ ಹಳೆಯ ಆಯುಧಗಳಿಂದ ಗುರಿಯ ಪಂದ್ಯವನ್ನಾಡುವವರ ಕೈಯಲ್ಲಿಯೂ ಉಳಿದಿವೆ. ಅಂಥ ಕೋವಿಯೊಂದು ಅದರ ಪೆಟ್ಟಿಗೆಯೊಡನೆ ದೊರೆತರೆ, ಕೋವಿಗಿಂತ ಮೊದಲು ಪೆಟ್ಟಿಗೆಯನ್ನು ಪರೀಕ್ಷಿಸತಕ್ಕದ್ದು. ಮುಚ್ಚಳದ ಒಳಗೆ ಅಂಟಿಸಿದ ಚೀಟಿಯಲ್ಲಿ, ಇಲ್ಲವೆ ಮದ್ದಿನ ಕೊಂಬಿನ ಅಳತೆಬಾಯಿಯ ಮೇಲೆ, ಅದನ್ನು ಹೊಂದಿಸಿದವನ ಮಾತ್ರೆಯು ಅಂಕೆಯಲ್ಲಿ ಇರಬಹುದು. ಅಂಥದೊಂದು ಅಂಕೆಯು ಹಲವು ದಿನಗಳ ಪರೀಕ್ಷೆಯನ್ನು ಉಳಿಸುವುದು.

ಆದರೆ ಅದನ್ನು ಓದುವಲ್ಲಿ ನಮ್ಮಂಥ ಶಬ್ದಪಂಡಿತರ ಸಹಾಯವೇ ಬೇಕಾದೀತು. ಆ ಅಂಕೆಯು ಸಾಮಾನ್ಯವಾಗಿ ಡ್ರಾಮಿನ ಲೆಕ್ಕದಲ್ಲಿರುವುದು. ಡ್ರಾಮೆಂಬ ಹೆಸರಿನ ತೂಕಗಳು ಎರಡುಂಟು. ಔಷಧದಂಗಡಿಯ ಡ್ರಾಮಿಗೆ ೬೦ ಗ್ರೇನು. ಔನ್ಸಿನ ಹದಿನಾರನೆಯ ಒಂದಾದ ವ್ಯಾಪಾರದ ಡ್ರಾಮಿಗೆ ೨೭ ಗ್ರೇನು ಚಿಲ್ಲರೆ. ಕೋವಿಯ ಮದ್ದಿಗೆ ಸಲ್ಲುವುದು ಎರಡನೆಯದು. ಬೇಕರನಂಥವರು ಇದನ್ನೇ ಔಷಧದವರ ಕಾಗುಣಿತದಲ್ಲಿ ಬರೆದುದರಿಂದ ಭ್ರಾಂತಿಗೆ ಇನ್ನಷ್ಟು ಎಡೆಯಾಯಿತು. ‘೫’ ಎಂಬ ಅಂಕೆಯನ್ನು ನೋಡಿ ೧೩೭ ಗ್ರೇನು ಹಾಕಬೇಕಾದಲ್ಲಿ ೩೦೦ ಗ್ರೇನು ಹಾಕಿದವನ ಗತಿಯನ್ನು ಊಹಿಸಬಹುದು. ಶುಕ್ರನೀತಿಯ ಪಲವು ಎಷ್ಟು ತೂಕದ್ದೆಂಬ ಚರ್ಚೆಯನ್ನು ನಾವು ನಿಶ್ಚಿಂತೆಯಿಂದ ಮುಂದುವರಿಸಬಹುದು. ಅಲ್ಲಿ ಹೇಳಿರುವುದು ಭಾಗಗಳನ್ನಾದುದರಿಂದ ಪಲವು ಹಿರಿದಾದರೂ ಕಿರಿದಾದರೂ ಚೂರ್ಣವು ಒಂದೇ. ಡ್ರಾಮಿನ ಅರ್ಥನಿರ್ಣಯವನ್ನು ಮಾತ್ರ ಕೊಂಬನ್ನು ಕೈಗೆತ್ತಿಕೊಳ್ಳುವುದಕ್ಕೆ ಮುಂಚೆಯೇ ಮುಗಿಸಿಕೊಂಡಿರಬೇಕು.